ಟ್ರಿನಿಡಾಡ್‌ನಲ್ಲಿ ಫುಟ್‌ಬಾಲ್‌ನ ಯಜಮಾನಿಕೆ ಯಾರದು?

ಟ್ರಿನಿಡಾಡ್‌ಗೆ ಕೆಲಸಕ್ಕೆಂದು ಬಂದ ನಮ್ಮವರು ಕ್ರಿಕೆಟ್ಟಿನ ಮಾತಿನಲ್ಲೇ ಸ್ನೇಹ ಶುರುಮಾಡುತ್ತಾರೆ. ಮಕ್ಕಳು ಶಾಲೆಗೆ ಸೇರಿದ ಮೇಲೆ ಮನೆಯೊಳಗೆ ಫುಟ್‌ಬಾಲ್ ಕಾಲಿಡುತ್ತದೆ. ಅದರ ಬೆನ್ನಿಗೇ ಟಿಟಿಎಫ್‌ಎ, ಅಂದರೆ ಟ್ರಿನಿಡಾಡ್ ಅಂಡ್ ಟೊಬೇಗೊ ಫುಟ್‌ಬಾಲ್ ಅಸೋಸಿಯೇಷನ್ ಎಂಬ ಹೆಸರೂ.

ಇದು ಸರ್ಕಾರದ ಇಲಾಖೆಯಲ್ಲ. 1908ರಲ್ಲಿ ಹುಟ್ಟಿದ ಸಂಘ. ವಲಯ ಸಂಘಗಳು, ಲೀಗ್‌ಗಳು, ಕ್ಲಬ್‌ಗಳಂಥ ಸದಸ್ಯ ಸಂಸ್ಥೆಗಳು ಮತ ಹಾಕಿ ಅಧ್ಯಕ್ಷರನ್ನು ಆರಿಸುತ್ತವೆ. ದೊಡ್ಡ ಕ್ರೀಡಾಂಗಣಗಳು ಮಾತ್ರ ಸರ್ಕಾರದವು. ಪೋರ್ಟ್ ಆಫ್ ಸ್ಪೇನ್‌ನ ಹೇಸ್ಲಿ ಕ್ರಾಫರ್ಡ್, ಕೂವಾದ ಏಟೋ ಬೋಲ್ಡನ್ ಎರಡಕ್ಕೂ ಓಟಗಾರರ ಹೆಸರಿದೆ. ಫುಟ್‌ಬಾಲಿಗರು ಅದಕ್ಕೆ ಬೇಸರಿಸಿಕೊಂಡಂತಿಲ್ಲ.

ಮಗ ಅಥವಾ ಮಗಳು ಆಡಬೇಕೆಂದರೆ ನೇರವಾಗಿ ಸಂಘದ ಬಾಗಿಲು ತಟ್ಟಬೇಡಿ. ಕ್ಲಬ್ಬನ್ನೋ ಶಾಲೆಯ ತರಬೇತುದಾರರನ್ನೋ ಕೇಳಿ. ಮಾಧ್ಯಮಿಕ ಶಾಲೆಗಳ ಲೀಗಿಗೆ ಇಲ್ಲಿ ದೊಡ್ಡ ಗೌರವವಿದೆ. ಅದರ ಇಂಟರ್‌ಕಾಲ್ ಎಂಬ ನಾಕೌಟ್ ಪಂದ್ಯಗಳಿಗೆ ಹಳೆಯ ವಿದ್ಯಾರ್ಥಿಗಳೂ ಬಂದು ಕೂಗುತ್ತಾರೆ.

ಸಂಘದ ಮೇಲಿನ ಹಂತದಲ್ಲಿ ಉತ್ತರ, ಮಧ್ಯ ಅಮೆರಿಕ ಮತ್ತು ಕೆರಿಬಿಯನ್ ದೇಶಗಳ ಫುಟ್‌ಬಾಲ್ ಒಕ್ಕೂಟ ಕಾನ್ಕಕಾಫ್, ಅದರ ಮೇಲೆ ವಿಶ್ವ ಫುಟ್‌ಬಾಲ್ ಸಂಸ್ಥೆ ಫಿಫಾ. ಯಜಮಾನಿಕೆಯ ಪ್ರಶ್ನೆ ನಿಜವಾಗಿ ಎದ್ದದ್ದು ಅಲ್ಲಿ. 2019ರ ನವೆಂಬರ್‌ನಲ್ಲಿ ಚುನಾಯಿತರಾದ ಅಧ್ಯಕ್ಷ ವಿಲಿಯಂ ವಾಲೇಸ್ ಅವರ ಆಡಳಿತವನ್ನು ಫಿಫಾ 2020ರ ಮಾರ್ಚ್‌ನಲ್ಲಿ, ಸಾಲದ ಹೊರೆಯ ಕಾರಣ ಮುಂದಿಟ್ಟು, ಬದಿಗೆ ಸರಿಸಿತು. ಉಸ್ತುವಾರಿಗೆ ತನ್ನದೇ ಸಮಿತಿಯನ್ನು ಕೂರಿಸಿತು. ವಾಲೇಸ್ ಬಣ ಸ್ಥಳೀಯ ನ್ಯಾಯಾಲಯದ ಮೆಟ್ಟಿಲೇರಿತು. ಸಂಘ 1982ರಲ್ಲಿ ಸಂಸತ್ತಿನ ಕಾಯ್ದೆಯಿಂದಲೇ ಕಾನೂನಿನ ಮಾನ್ಯತೆ ಪಡೆದದ್ದಾದ್ದರಿಂದ ಅವರ ವಾದಕ್ಕೆ ತೂಕವಿತ್ತು. ಫಿಫಾ ಒಪ್ಪಲಿಲ್ಲ, ತಕರಾರು ಸ್ವಿಟ್ಜರ್ಲೆಂಡಿನ ಕ್ರೀಡಾ ನ್ಯಾಯಮಂಡಳಿಯಲ್ಲೇ ತೀರಬೇಕೆಂದು ಸೆಪ್ಟೆಂಬರ್ 24ರಂದು ದೇಶವನ್ನೇ ಅಮಾನತು ಮಾಡಿತು. ಅಕ್ಟೋಬರ್‌ನಲ್ಲಿ ಹೈಕೋರ್ಟ್ ವಾಲೇಸ್ ಪರ ತೀರ್ಪಿತ್ತರೆ, ಕೆಲವೇ ದಿನಗಳಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ಅಳಿಸಿಹಾಕಿತು. ನವೆಂಬರ್‌ನಲ್ಲಿ ಅಮಾನತು ತೆರವಾಯಿತು. ಸಮಿತಿಯ ಆಳ್ವಿಕೆ ಮುಗಿದು ಮತ್ತೆ ಚುನಾವಣೆ ನಡೆದದ್ದು 2024ರ ಏಪ್ರಿಲ್‌ನಲ್ಲಿ. ಕೀರನ್ ಎಡ್ವರ್ಡ್ಸ್ ಗೆದ್ದರು.

ನಮಗಿದು ಹೊಸ ಕತೆಯಲ್ಲ. 2022ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ನೇಮಿಸಿದ ಸಮಿತಿಯ ಕೈಯಲ್ಲಿ ಆಡಳಿತವಿತ್ತೆಂದು ಭಾರತದ ಫುಟ್‌ಬಾಲ್ ಫೆಡರೇಷನ್ ಕೂಡ ಹನ್ನೊಂದು ದಿನ ಅಮಾನತಿನಲ್ಲಿತ್ತು. ಅಲ್ಲಿ ನ್ಯಾಯಾಲಯದ ಸಮಿತಿ ಫಿಫಾಗೆ ಹಿಡಿಸಲಿಲ್ಲ. ಇಲ್ಲಿ ಫಿಫಾದ ಸಮಿತಿಯನ್ನು ನ್ಯಾಯಾಲಯಕ್ಕೆ ಎಳೆದರು. ಎರಡೂ ಕಡೆ ಬಾಗಿದ್ದು ದೇಶವೇ.

ಕಚೇರಿಯಲ್ಲಿ ಈ ವಿಷಯ ತೆಗೆದರೆ ಜಗಳ ಖಚಿತ. ಮಾತಿಗೆ 2006ರ ವಿಶ್ವಕಪ್ಪನ್ನು ಆರಿಸಿಕೊಳ್ಳಿ: ಡ್ವೈಟ್ ಯಾರ್ಕ್ ನಾಯಕತ್ವದ ತಂಡ ಸ್ವೀಡನ್ ಜೊತೆ ಗೋಲಿಲ್ಲದ ಡ್ರಾ ಮಾಡಿಕೊಂಡ ದಿನ ಇನ್ನೂ ಎಲ್ಲರ ನೆನಪಿನಲ್ಲಿದೆ. ಬೋನಸ್ ಬಾಕಿಗಾಗಿ ಅದೇ ಆಟಗಾರರು ಸಂಘದೊಂದಿಗೆ ವರ್ಷಗಟ್ಟಲೆ ಕಾದಾಡಿದ್ದನ್ನು ಸಹೋದ್ಯೋಗಿಗಳೇ ಹೇಳುವವರೆಗೆ ಕಾಯಿರಿ. 1989ರ ನವೆಂಬರ್ 19ನ್ನು ಮಾತ್ರ ಎತ್ತಲೇಬೇಡಿ. ಅಂದು ಊರೆಲ್ಲ ಕೆಂಪು ಉಟ್ಟು ಬಂದಿತ್ತು, 1990ರ ವಿಶ್ವಕಪ್ ಸೇರಲು ಡ್ರಾ ಸಾಕಿತ್ತು, ಅಮೆರಿಕ ಒಂದು ಗೋಲು ಹೊಡೆಯಿತು.