ಯಾರ ವಶದಲ್ಲಿದ್ದಾಗ? ಬಂಧನದ ಸಾವನ್ನು ನಾನು ಬರೆಯುವ ಬಗೆ

ವ್ಯಕ್ತಿಪರಿಚಯಗಳನ್ನು ಬರೆಯುವುದು ನನ್ನ ಕಸುಬು. ಆಕರಗ್ರಂಥ, ಪ್ರದರ್ಶನದ ಫಲಕ, ಪತ್ರಿಕೆಯ ಪುರವಣಿ, ಎಲ್ಲಿಗೆ ಬರೆದರೂ ಜಾಗ ಕಡಿಮೆ. ಹುಟ್ಟಿದ ಊರು, ಓದು, ಸಾಧನೆ ಇವೆಲ್ಲ ಸಲೀಸಾಗಿ ಮುಗಿಯುತ್ತವೆ. ಬಂಧನದಲ್ಲಿದ್ದು ಸತ್ತವರ ವಿಷಯದಲ್ಲಿ ಮಾತ್ರ ಕೊನೆಯ ಸಾಲೊಂದೇ ಉಳಿದೆಲ್ಲ ಬರಹಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತದೆ.

ನಟಿ ಸ್ನೇಹಲತಾ ರೆಡ್ಡಿಯವರ ಪರಿಚಯವನ್ನು ಬರೆಯುವಾಗ ನನ್ನ ಮುಂದೆ ಮೂರು ಬಗೆಯ ಸಾಲುಗಳಿದ್ದವು. ‘ಜೈಲಿನಲ್ಲೇ ಪ್ರಾಣ ಬಿಟ್ಟರು’, ‘ತುರ್ತುಪರಿಸ್ಥಿತಿಗೆ ಬಲಿಯಾದರು’, ‘ಅಸ್ತಮಾದಿಂದ ನಿಧನರಾದರು’. ಮೊದಲನೆಯದು ತಪ್ಪು. ಎರಡನೆಯದು ತೀರ್ಪು. ಮೂರನೆಯದರಲ್ಲಿ ಸುಳ್ಳೇನೂ ಇಲ್ಲ, ಆದರೆ ಅದನ್ನು ಓದಿದವರಿಗೆ ಅವರು ಜೈಲಿನಲ್ಲಿದ್ದರೆಂಬುದೇ ಗೊತ್ತಾಗುವುದಿಲ್ಲ. ನನ್ನ ಮಟ್ಟಿಗೆ ಈ ಮೂರರಲ್ಲಿ ಹೆಚ್ಚು ಪಕ್ಷಪಾತಿ ಅದೇ.

ಆಗಿದ್ದು ಇಷ್ಟು. ‘ಸಂಸ್ಕಾರ’ ಚಿತ್ರದ ಚಂದ್ರಿಯಾಗಿ ಕನ್ನಡಿಗರು ಬಲ್ಲ ಈ ಕಲಾವಿದೆಯನ್ನು ಬರೋಡಾ ಡೈನಮೈಟ್ ಪ್ರಕರಣದ (ತುರ್ತುಪರಿಸ್ಥಿತಿಯನ್ನು ವಿರೋಧಿಸಿ ಸ್ಫೋಟಕ್ಕೆ ಸಂಚು ಹೂಡಿದರೆಂದು ಜಾರ್ಜ್ ಫರ್ನಾಂಡಿಸ್ ಮತ್ತಿತರರ ಮೇಲಿದ್ದ ಮೊಕದ್ದಮೆ) ತನಿಖೆಯ ಸಂಬಂಧದಲ್ಲಿ 1976ರ ಮೇ 2ರಂದು ಬಂಧಿಸಲಾಯಿತು. ಎಂಟು ತಿಂಗಳಿಗೂ ಹೆಚ್ಚು ಕಾಲ ಅವರು ಬೆಂಗಳೂರಿನ ಕೇಂದ್ರ ಕಾರಾಗೃಹದಲ್ಲಿದ್ದರು. ಅಂತಿಮ ಆರೋಪಪಟ್ಟಿಯಲ್ಲಿ ಅವರ ಹೆಸರಿರಲಿಲ್ಲ. ಮೊದಲೇ ಅಸ್ತಮಾ ಇತ್ತು; ಜೈಲಿನಲ್ಲಿ ಅದು ಉಲ್ಬಣಿಸಿತು. 1977ರ ಜನವರಿ 15ರಂದು ಪೆರೋಲ್ ಮೇಲೆ ಹೊರಬಂದರು, ಜನವರಿ 20ರಂದು ತೀರಿಕೊಂಡರು. ನಡುವೆ, 18ರಂದು, ಇಂದಿರಾ ಗಾಂಧಿಯವರು ಚುನಾವಣೆಯನ್ನು ಘೋಷಿಸಿದ್ದರು. ಆ ಕಾಕತಾಳೀಯವನ್ನು ಸಾಲಿನೊಳಗೆ ತರಬೇಕೆಂಬ ಆಸೆ ಬಲವಾಗಿತ್ತು. ತರಲಿಲ್ಲ, ಸಾವಿಗೂ ಅದಕ್ಕೂ ಸಂಬಂಧವಿರಲಿಲ್ಲ.

ಪೆರೋಲ್ ಎಂಬ ಮಾತನ್ನು ಮಾತ್ರ ಬಿಡುವಂತಿರಲಿಲ್ಲ. ಅನೇಕರು ಸುಮ್ಮನೆ ‘ಬಿಡುಗಡೆ’ ಎಂದು ಬರೆದುಬಿಡುತ್ತಾರೆ. ಪೆರೋಲ್ ತಾತ್ಕಾಲಿಕ ಬಿಡುಗಡೆ. ಬಂಧನದ ಆದೇಶ ಅದರಿಂದ ರದ್ದಾಗುವುದಿಲ್ಲ. ಹಾಗಾಗಿ ‘ಜೈಲಿನಲ್ಲಿ ಸತ್ತರು’ ಎಂಬುದೂ ಸಲ್ಲದು, ‘ಸ್ವತಂತ್ರರಾದ ಮೇಲೆ ಸತ್ತರು’ ಎಂಬುದೂ ಸಲ್ಲದು. ಕೊನೆಗೆ ನಾನು ದಿನಾಂಕಗಳನ್ನು ಒಂದರ ಪಕ್ಕ ಒಂದಿಟ್ಟು, ‘ಆರೋಗ್ಯ ತೀರ ಹದಗೆಟ್ಟ ಮೇಲೆ ಪೆರೋಲ್ ಮೇಲೆ ಹೊರಬಂದರು, ಐದು ದಿನಗಳ ನಂತರ ತೀರಿಕೊಂಡರು’ ಎಂದು ಬರೆದೆ. ‘ಐದೇ ದಿನಗಳಲ್ಲಿ’ ಎಂದು ಬರೆದಿದ್ದರೆ ಆ ಒಂದು ಏಕಾರ ವಕೀಲಿಕೆಗೆ ನಿಲ್ಲುತ್ತಿತ್ತು. ಐದು ದಿನ ಎಷ್ಟು ಕಡಿಮೆ ಎಂದು ಓದುಗರಿಗೆ ನಾನು ಹೇಳಿಕೊಡಬೇಕಾಗಿಲ್ಲ.

ಸ್ಟ್ಯಾನ್ ಸ್ವಾಮಿಯವರ ವಿಷಯದಲ್ಲಿ ತೊಡಕು ತಿರುವುಮುರುವು. ಆದಿವಾಸಿಗಳ ಹಕ್ಕುಗಳಿಗಾಗಿ ದುಡಿದ, ಹಿಂದೆ ಬೆಂಗಳೂರಿನಲ್ಲೂ ಕೆಲಸ ಮಾಡಿದ್ದ ಈ ಪಾದ್ರಿಯನ್ನು ಭೀಮಾ ಕೋರೆಗಾಂವ್ ಪ್ರಕರಣದಲ್ಲಿ 2020ರ ಅಕ್ಟೋಬರ್ 8ರಂದು ರಾಂಚಿಯಲ್ಲಿ ಬಂಧಿಸಲಾಯಿತು. ಪಾರ್ಕಿನ್ಸನ್ ಕಾಯಿಲೆಯಿದ್ದ ಅವರು ತಲೋಜಾ ಜೈಲಿನಲ್ಲಿದ್ದರು. ಹೈಕೋರ್ಟಿನ ಆದೇಶದ ಮೇರೆಗೆ 2021ರ ಮೇ ಕೊನೆಯಲ್ಲಿ ಮುಂಬೈಯ ಖಾಸಗಿ ಆಸ್ಪತ್ರೆಗೆ ಸೇರಿಸಿದರು. ಜುಲೈ 5ರಂದು, 84ನೆಯ ವಯಸ್ಸಿನಲ್ಲಿ, ಜಾಮೀನಿನ ವಿಚಾರಣೆ ಮುಗಿಯುವ ಮೊದಲೇ ಅಲ್ಲಿ ತೀರಿಕೊಂಡರು. ‘ಆಸ್ಪತ್ರೆಯಲ್ಲಿ ನಿಧನ’ ಎಂದರೆ ಜಾಗ ಸರಿ, ಸ್ಥಿತಿ ಮಾಯ. ಅವರು ಮಲಗಿದ್ದು ಆಸ್ಪತ್ರೆಯ ಹಾಸಿಗೆಯ ಮೇಲಾದರೂ ಇದ್ದದ್ದು ನ್ಯಾಯಾಂಗ ಬಂಧನದಲ್ಲೇ. ಬೆಂಬಲಿಗರು ಇದನ್ನು ‘ವ್ಯವಸ್ಥೆ ಮಾಡಿದ ಕೊಲೆ’ ಎಂದರು. ಕಾನೂನಿನಂತೆಯೇ ನಡೆದುಕೊಂಡಿದ್ದೇವೆ ಎಂದು ಸರ್ಕಾರ ಹೇಳಿತು. ಈ ಎರಡನ್ನೂ ಹೇಳಿದವರ ಹೆಸರಿನಲ್ಲೇ, ಬೇರೆ ವಾಕ್ಯದಲ್ಲಿ ಬರೆಯುತ್ತೇನೆ. ಸಾವಿನ ವಾಕ್ಯದೊಳಕ್ಕೆ ಅಭಿಪ್ರಾಯವನ್ನು ಬಿಟ್ಟುಕೊಳ್ಳುವುದಿಲ್ಲ.

ನಮ್ಮ ಭಾಷೆಗೇ ಸೇರಿದ ಎರಡು ತೊಂದರೆಗಳಿವೆ. ಒಂದು, ಕ್ರಿಯಾಪದದ ಬಾಲ. ಒಂದೇ ಪುಟದಲ್ಲಿ ಮಾಜಿ ಸಚಿವರು ‘ನಿಧನರಾಗಿದ್ದಾರೆ’, ಠಾಣೆಯಲ್ಲಿದ್ದ ಕೂಲಿಕಾರ ‘ಮೃತಪಟ್ಟಿದ್ದಾನೆ’. ಆರೋಪ ಸಾಬೀತಾಗುವ ಮೊದಲೇ ಏಕವಚನ ಶಿಕ್ಷೆ ಕೊಟ್ಟಾಗಿರುತ್ತದೆ. ಇಂಥಲ್ಲಿ ನಾನು ಎಲ್ಲರಿಗೂ ಬಹುವಚನ ಬಳಸುತ್ತೇನೆ. ಕಿತ್ತೂರು ಚೆನ್ನಮ್ಮ ಬೈಲಹೊಂಗಲದಲ್ಲಿ ಬ್ರಿಟಿಷರ ಸೆರೆಯಲ್ಲಿದ್ದಾಗಲೇ 1829ರಲ್ಲಿ ‘ತೀರಿಕೊಂಡಳು’ ಎಂದು ಬರೆಯುವವರನ್ನು ತಿದ್ದಲು ಹೋಗುವುದಿಲ್ಲ. ಅಲ್ಲಿನ ಏಕವಚನ ಮನೆಯವಳೆಂಬ ಸಲಿಗೆಯದು.

ಇನ್ನೊಂದು, ‘ಎಂದು’. ‘ಎದೆನೋವು ಕಾಣಿಸಿಕೊಂಡು ಕುಸಿದುಬಿದ್ದು ಮೃತಪಟ್ಟರು ಎಂದು ಪೊಲೀಸರು ತಿಳಿಸಿದ್ದಾರೆ’. ಹೇಳಿದವರು ಯಾರೆಂಬುದು ಕೊನೆಯಲ್ಲಿ ಬರುವಷ್ಟರಲ್ಲಿ ಓದುಗ ಎದೆನೋವನ್ನು ನಂಬಿ ಮುಗಿಸಿರುತ್ತಾನೆ. ಆದ್ದರಿಂದ ‘ಪೊಲೀಸರ ಪ್ರಕಾರ’ ಎಂಬುದನ್ನು ಮುಂದಕ್ಕೆ ತರುತ್ತೇನೆ. ಇದು ಪೊಲೀಸರ ಮೇಲಿನ ಅನುಮಾನದಿಂದಲ್ಲ. ಪೊಲೀಸ್ ವಶದಲ್ಲೋ ನ್ಯಾಯಾಂಗ ಬಂಧನದಲ್ಲೋ ಸಾವು ಸಂಭವಿಸಿದರೆ ಮ್ಯಾಜಿಸ್ಟ್ರೇಟರ ವಿಚಾರಣೆ ನಡೆಯಬೇಕೆಂದು ಕಾನೂನೇ ಹೇಳುತ್ತದೆ; ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ 176ನೆಯ ಕಲಮಿನಲ್ಲಿತ್ತು, 2024ರ ಜುಲೈಯಿಂದ ನಾಗರಿಕ ಸುರಕ್ಷಾ ಸಂಹಿತೆಯ 196ರಲ್ಲಿದೆ. ಕಾರಣವನ್ನು ಕಾನೂನೇ ಇನ್ನೂ ಹುಡುಕುತ್ತಿರುವಾಗ ಆ ಸಂಜೆಯೇ ಅದನ್ನು ನಾನು ಘೋಷಿಸುವುದು ಅಧಿಕಪ್ರಸಂಗ. ‘ಲಾಕಪ್ ಡೆತ್’ ಎಂಬ ಶೀರ್ಷಿಕೆಯೂ ಅಷ್ಟೇ: ಲಾಕಪ್ಪಿನಲ್ಲಿ ಸಾವು ಎಂಬಷ್ಟೇ ಅದರ ಅರ್ಥವಾದರೂ ಹೊಡೆದು ಕೊಂದರು ಎಂದೇ ಜನ ಓದುತ್ತಾರೆ. ‘ಪೊಲೀಸ್ ವಶದಲ್ಲಿದ್ದ ವ್ಯಕ್ತಿ ಸಾವು’ ಸಪ್ಪೆ, ಆದರೆ ನಾಳೆ ವರದಿ ಏನೇ ಬಂದರೂ ತಿದ್ದಬೇಕಾಗಿಲ್ಲ.

ಸೆರೆಯಲ್ಲಿಟ್ಟವರು ಸರ್ಕಾರವೇ ಆಗಬೇಕೆಂದಿಲ್ಲ. ಮಾಜಿ ಸಚಿವ ಎಚ್. ನಾಗಪ್ಪ ಅವರ ಪರಿಚಯದಲ್ಲಿ ‘ವೀರಪ್ಪನ್‌ನಿಂದ ಹತರಾದ’ ಎಂದೇ ಬರೆಯುವ ರೂಢಿಯಿದೆ. 2002ರ ಆಗಸ್ಟ್ 25ರಂದು ಕಾಮಗೆರೆಯ ಮನೆಯಿಂದ ಅವರನ್ನು ವೀರಪ್ಪನ್ ಅಪಹರಿಸಿದ. ಡಿಸೆಂಬರ್ 8ರಂದು ಕಾಡಿನಲ್ಲಿ ಶವ ಸಿಕ್ಕಿತು. ಕೊಂದವನು ತಾನಲ್ಲ ಎಂದು ಅವನು ಹೇಳಿಕೊಂಡ. ನನ್ನ ಕರಡನ್ನು ನೋಡಿದ ಕಿರಿಯ ಸಹೋದ್ಯೋಗಿ, “ಕಾಡುಗಳ್ಳನ ಮಾತಿಗೂ ಜಾಗ ಕೊಡಬೇಕೇ ಸರ್?” ಎಂದು ಕೇಳಿದ. ಅರ್ಧ ವಾಕ್ಯದಷ್ಟು ಕೊಡಬೇಕು, ಅದೂ ಕೊನೆಯಲ್ಲಿ, ಎಂದೆ. ಕೊಂದವರು ಯಾರೆಂಬುದಕ್ಕೆ ತಕರಾರಿರಬಹುದು, ಒತ್ತೆಯಿಟ್ಟವನು ಯಾರೆಂಬುದಕ್ಕೆ ಇಲ್ಲ. ಅದಕ್ಕೇ ‘ಅಪಹರಣಕ್ಕೊಳಗಾದರು’ ಎಂದು ಕರ್ತೃವನ್ನು ಮರೆಮಾಡದೆ ‘ವೀರಪ್ಪನ್ ಅಪಹರಿಸಿದ’ ಎಂದೇ ವಾಕ್ಯವನ್ನು ಆರಂಭಿಸಿದೆ. ಇಬ್ಬರಿಗೂ ಸಮಪಾಲು ಹಂಚುವುದು ತಟಸ್ಥತೆಯೆಂದು ನಾನು ಒಪ್ಪುವುದಿಲ್ಲ.

ಫಲಕಕ್ಕೆ ಜಾಗ ಸಾಲದಾದಾಗ ಮೊದಲು ಹೋಗುವುದು ವಿಶೇಷಣ, ಆಮೇಲೆ ಪ್ರತಿಕ್ರಿಯೆಗಳು, ಕಾರಣ ತಿಳಿಯದಿದ್ದರೆ ಕಾರಣವೂ. ಯಾರ ವಶದಲ್ಲಿದ್ದರು ಎಂಬುದನ್ನು ಮಾತ್ರ ವಿನ್ಯಾಸಗಾರ ಎಷ್ಟೇ ಗೊಣಗಿದರೂ ತೆಗೆಯಲು ಬಿಡುವುದಿಲ್ಲ. ಅಕ್ಷರದ ಗಾತ್ರವನ್ನು ಇಳಿಸಿಕೊಳ್ಳಲಿ.