ಹಳೇ ಬಾಗಿಲ ಹಲಗೆಯಿಂದ ನಾನು ಕಟ್ಟಿದ ಪನೋರಮಾ ಕ್ಯಾಮೆರಾ

ಧಾರವಾಡದಲ್ಲಿ ಹಳೇ ಮನೆಯೊಂದನ್ನು ಕೆಡವುವಾಗ ಎರಡು ಸಾಗವಾನಿ ಬಾಗಿಲು ಸಿಕ್ಕವು. ಕ್ಯಾಮೆರಾಕ್ಕೆ ಇದೇ ಕಟ್ಟಿಗೆ ಅಂತ ಅಲ್ಲೇ ಗಟ್ಟಿ ಮಾಡಿಕೊಂಡೆ. ಹಸಿ ಕಟ್ಟಿಗೆ ನಮ್ಮ ಮಳೆಗೆ ಉಬ್ಬಿ, ಬೇಸಿಗೆಗೆ ಸೊಟ್ಟಗಾಗುತ್ತದೆ. ಹತ್ತಾರು ಮಳೆಗಾಲ ಕಂಡ ಹಲಗೆಗೆ ಆ ಚಪಲ ಕಡಿಮೆ.

ಮಾದರಿ, ಅಮೆರಿಕದ ರಾಚೆಸ್ಟರ್‌ನ ಗುಂಡ್ಲಾಕ್ ಕಂಪನಿಯ ಕೊರೋನಾ ಎಂಬ ಕ್ಯಾಮೆರಾ. 7×17, 8×20, 12×20 ಇಂಚು ಅಳತೆಗಳಲ್ಲಿ ಬರುತ್ತಿತ್ತು. ಔತಣಕೂಟದ ದೊಡ್ಡ ಗುಂಪುಗಳನ್ನು ತೆಗೆಯಲು ಬಳಸುತ್ತಿದ್ದರಿಂದ ಈ ಜಾತಿಗೆ ಬ್ಯಾಂಕ್ವೆಟ್ ಕ್ಯಾಮೆರಾ ಎಂದೇ ಹೆಸರು. 1904ರಲ್ಲಿ ಪೇಟೆಂಟ್ ಪಡೆದ ಸರ್ಕಟ್ ಕ್ಯಾಮೆರಾದಂತೆ ಇದು ತಿರುಗುವುದಿಲ್ಲ. ಉದ್ದನೆಯ ಫಿಲ್ಮ್ ಮೇಲೆ ಇಡೀ ಚಿತ್ರ ಒಮ್ಮೆಗೇ ಬೀಳುತ್ತದೆ.

ನಾನು 7×17 ಆರಿಸಿದ್ದು ಫಿಲ್ಮ್ ಸಲುವಾಗಿ. ಎದೆಯ ಎಕ್ಸ್‌ರೇಗೆ ಬಳಸುವ 14×17 ಹಾಳೆಯನ್ನು ಕೆಂಪು ದೀಪದಡಿ ನಟ್ಟನಡುವೆ ಕತ್ತರಿಸಿದರೆ ಎರಡು ಫಿಲ್ಮ್ ಆಗುತ್ತವೆ. ಎರಡೂ ಬದಿಗೆ ಎಮಲ್ಶನ್, ಅಂದರೆ ಬೆಳಕು ಹಿಡಿಯುವ ಲೇಪ, ಇರುವುದರಿಂದ ಉಗುರು ತಾಗಿದರೂ ಗೀರು ಬೀಳುತ್ತದೆ. ಅದಕ್ಕೇ ಡೆವಲಪ್ ಮಾಡುವ ಟ್ರೇ ತಳಕ್ಕೆ ಗಾಜು ಹಾಸಿದ್ದೇನೆ. ಲೆನ್ಸ್, ಗದಗದ ಮುಚ್ಚಿಹೋದ ಪ್ರೆಸ್ಸೊಂದರ 19 ಇಂಚಿನ ಪ್ರೊಸೆಸ್ ಲೆನ್ಸ್, ಅಂದರೆ ಅಚ್ಚಿಗಾಗಿ ಚಿತ್ರಗಳ ನಕಲು ತೆಗೆಯುವ ಲೆನ್ಸ್. ಶಟರ್ ಇಲ್ಲ, ಮುಚ್ಚಳ ತೆಗೆದು ಎಣಿಸಿ ಮುಚ್ಚುವುದೇ.

ಲೆನ್ಸ್‌ಗೂ ಫಿಲ್ಮ್‌ಗೂ ನಡುವೆ ಬೆಳಕು ನುಸುಳದಂತೆ ತಡೆಯುವ ತಿದಿಯನ್ನು ಮಡಿಸುವುದನ್ನು ಕಲಿಸಿದವರು ಹಾರ್ಮೋನಿಯಂ ರಿಪೇರಿ ಮಾಡುವ ಅಜ್ಜಾರು. ಹೊರಗೆ ದಪ್ಪ ಕರಿ ಬಟ್ಟೆ, ಒಳಗೆ ತೆಳು ಕರಿ ಬಟ್ಟೆ, ನಡುವೆ ರಟ್ಟಿನ ಪಟ್ಟಿಗಳು. ಮೂಲೆಗಳಲ್ಲಿ ಪಟ್ಟಿ ಇಡದೆ ಬಿಡಬೇಕು, ಇಲ್ಲದಿದ್ದರೆ ಮಡಿಕೆ ಕೂಡುವುದಿಲ್ಲ. ನಾನು ಒತ್ತಿ ಮಡಿಸಲು ಹೋದಾಗ, "ಅವಸರ ಮಾಡಬ್ಯಾಡ್ರಿ, ಮಡಿಕಿ ತಾನ ದಾರಿ ಹುಡುಕತೈತಿ" ಅಂದರು. ಮೂರನೇ ಸಲಕ್ಕೆ ಹುಡುಕಿತು.

ನಿಜವಾದ ಪರೀಕ್ಷೆ ಕ್ಯಾಮೆರಾದ ಬೆನ್ನಿನದು: ಫೋಕಸ್ ನೋಡುವ ಗಾಜು, ಆಮೇಲೆ ಅದರ ಜಾಗಕ್ಕೆ ಬರುವ ಫಿಲ್ಮ್, ಎರಡೂ ಅಲ್ಲಿ ಒಂದೇ ಮಟ್ಟಕ್ಕೆ ಕೂರಬೇಕು. ಎರಡು ಗಾಜುಗಳ ನಡುವೆ ಕಾರ್ಬೊರಂಡಂ ಪುಡಿ, ನೀರು ಹಾಕಿ ಗಂಟೆಗಟ್ಟಲೆ ತಿಕ್ಕಿ ಮಂಜುಗಾಜು ಮಾಡಿಕೊಂಡೆ. ಸಂಜೆ ಎದುರಿನ ಇಟ್ಟಿಗೆ ಗೋಡೆಗೆ, ಲೆನ್ಸ್‌ನ ಕಂಡಿಯನ್ನು ಎಫ್/11ಕ್ಕೆ ಅಗಲಿಸಿ, ಫೋಕಸ್ ಮಾಡಿದೆ. ಮಂಜುಗಾಜಿನಲ್ಲಿ ಸಂದುಗಳು ಚೂಪಾಗಿ ಕಂಡವು, ನೆಗೆಟಿವ್‌ನಲ್ಲಿ ಮಸುಕು. ಕಂಡಿಯನ್ನು ಎಫ್/45ಕ್ಕೆ ಕಿರಿದು ಮಾಡಿದ್ದರೆ ಫೋಕಸ್ ದೋಷ ಮುಚ್ಚಿಹೋಗುತ್ತಿತ್ತು, ನನಗೆ ಹಾಗೆ ಮುಚ್ಚುವುದು ಬೇಕಿರಲಿಲ್ಲ. ಎರಡು ದಿನ ಆಳ ಅಳೆಯುವ ಡೆಪ್ತ್ ಗೇಜ್ ಹಿಡಿದು ಅಳೆದೆ. ಕೊನೆಗೆ ಗೊತ್ತಾಯಿತು: ತಿಕ್ಕಿದ ಮೈ ಲೆನ್ಸ್ ಕಡೆಗಿರಬೇಕಿತ್ತು, ನಾನು ಹೊರಗೆ ಮಾಡಿ ಕೂರಿಸಿದ್ದೆ. ಗಾಜಿನ 3 ಮಿಲಿಮೀಟರ್ ದಪ್ಪವೇ ಪೆಟ್ಟು ಕೊಟ್ಟಿತ್ತು. ತಿರುಗಿಸಿ, ಕಾಗದದ ಪಟ್ಟಿ ಕೊಟ್ಟು ಫಿಲ್ಮ್ ಹೋಲ್ಡರ್ ಮಟ್ಟಕ್ಕೆ ಸರಿಗೂಡಿಸಿದೆ.

ಮೊದಲ ಚಿತ್ರಕ್ಕೆ ಲಕ್ಕುಂಡಿಯ ಕಾಶಿವಿಶ್ವೇಶ್ವರ ಗುಡಿಗೆ ಹೋದೆ. ಶಿವನ ಗುಡಿಗೆ ಎದುರಾಗಿ ಸೂರ್ಯನ ಗುಡಿ. ಎರಡನ್ನೂ ಪಕ್ಕದಿಂದ ಒಂದೇ ಚೌಕಟ್ಟಿಗೆ ತರಲು ಈ ಉದ್ದಳತೆಯೇ ಬೇಕು. ಬಿಸಿಲು ಏರುವ ಮುಂಚೆ, ಎಫ್/45, ಎರಡು ಸೆಕೆಂಡು. ರಾತ್ರಿ ಕೆಂಪು ಬೆಳಕಿನಲ್ಲಿ ಮೊದಲು ಮೂಡಿದ್ದು ಆಕಾಶ, ಆಮೇಲೆ ಶಿಖರ, ಕೊನೆಗೆ ಬಾಗಿಲವಾಡದ ಬಳ್ಳಿಯ ಒಂದೊಂದೇ ಸುರುಳಿ.