ನೆರಳು, ತಿಥಿ, ಉಬ್ಬರ: ಭೂಮಿ ಮತ್ತು ಚಂದ್ರರ ಚಲನೆಯನ್ನು ಮನೆಯಂಗಳದಿಂದಲೇ ಗುರುತಿಸುವ ಕ್ರಮ

ಹಗಲಿರುಳು, ಮಳೆಗಾಲ, ಬೇಸಗೆ, ಕಡಲಿನ ಉಬ್ಬರ ಇಳಿತಗಳೆಲ್ಲ ಭೂಮಿ ಮತ್ತು ಚಂದ್ರರ ಚಲನೆಗೆ ಹೊಂದಿಕೊಂಡು ನಡೆಯುತ್ತವೆ ಎಂಬುದನ್ನು ನಾವು ಶಾಲೆಯಲ್ಲೇ ಓದಿರುತ್ತೇವೆ. ಆದರೆ ಯಾವ ಲಯ ಯಾವ ಚಲನೆಗೆ ಸೇರಿದ್ದು ಎಂದು ಯಾರಾದರೂ ಕೇಳಿದರೆ ತಡವರಿಸುತ್ತೇವೆ. ಒಂದು ವರ್ಷ ಸೂರ್ಯನ ನೆರಳನ್ನೂ ಚಂದ್ರನ ತಿಥಿಯನ್ನೂ ಬೇರೆ ಬೇರೆ ಪುಟಗಳಲ್ಲಿ ಬರೆದಿಟ್ಟರೆ ಈ ಗೊಂದಲ ಬಗೆಹರಿಯುತ್ತದೆ. ಇದಕ್ಕೆ ಬೇಕಾಗುವುದು ಒಂದು ಮೀಟರ್ ಉದ್ದದ ನೇರವಾದ ಸರಳು, ಗಾರೆ ಕೆಲಸದವರ ತೂಗುಗುಂಡು, ದಾರ, ಸೀಮೆಸುಣ್ಣ, ಅಳತೆಯ ಟೇಪು, ಒಂದು ನೋಟ್‌ಬುಕ್ ಮತ್ತು ತಿಥಿ ನಕ್ಷತ್ರಗಳಿರುವ ಕ್ಯಾಲೆಂಡರ್.

ಮೊದಲ ಕೆಲಸ ಉತ್ತರ ದಿಕ್ಕನ್ನು ಕಂಡುಕೊಳ್ಳುವುದು. ದಿನವಿಡೀ ಬಿಸಿಲು ಬೀಳುವ ಸಮತಟ್ಟಾದ ತಾರಸಿಯಲ್ಲಿ ಸರಳನ್ನು ತೂಗುಗುಂಡಿನ ನೇರಕ್ಕೆ ನಿಲ್ಲಿಸಿ, ಅದರ ಬುಡವನ್ನೇ ಕೇಂದ್ರವಾಗಿಟ್ಟುಕೊಂಡು ದಾರದಿಂದ ಒಂದು ಮೀಟರ್ ತ್ರಿಜ್ಯದ ವೃತ್ತ ಎಳೆಯಿರಿ. ಬೆಳಿಗ್ಗೆ ನೆರಳಿನ ತುದಿ ವೃತ್ತದೊಳಗೆ ಬರುವ ಬಿಂದುವನ್ನೂ ಮಧ್ಯಾಹ್ನದ ಮೇಲೆ ಅದು ಹೊರಗೆ ಹೋಗುವ ಬಿಂದುವನ್ನೂ ಗುರುತಿಸಿ ಸೇರಿಸಿದರೆ ಪೂರ್ವ ಪಶ್ಚಿಮದ ಗೆರೆ ಸಿಗುತ್ತದೆ. ಅದಕ್ಕೆ ಲಂಬವಾಗಿ ಸರಳಿನ ಬುಡದಿಂದ ಎಳೆದದ್ದು ಉತ್ತರ ದಕ್ಷಿಣದ ಗೆರೆ. ನಮ್ಮ ಹಿಂದಿನ ಜ್ಯೋತಿರ್ಗಣಿತದವರು ಶಂಕು ನೆಟ್ಟು ದಿಕ್ಕು ಹಿಡಿಯುತ್ತಿದ್ದ ವಿಧಾನವೇ ಇದು. ಆಕಾಶ ಶುಭ್ರವಾಗಿರುವ ಡಿಸೆಂಬರಿನಲ್ಲಿ ಮಾಡಿದರೆ ಗೆರೆ ಹೆಚ್ಚು ನಿಖರವಾಗಿ ಬರುತ್ತದೆ, ಏಕೆಂದರೆ ಆ ದಿನಗಳಲ್ಲಿ ಸೂರ್ಯ ಉತ್ತರಕ್ಕೋ ದಕ್ಷಿಣಕ್ಕೋ ಸರಿಯುವುದು ಅತ್ಯಲ್ಪ.

ನೆರಳು ಈ ಉತ್ತರ ದಕ್ಷಿಣ ಗೆರೆಯ ಮೇಲೆ ಬಂದ ಕ್ಷಣವೇ ನಿಮ್ಮ ಊರಿನ ನಿಜವಾದ ನಡುಹಗಲು. ಅದು ಗಡಿಯಾರದ 12 ಗಂಟೆಗೆ ಆಗುವುದಿಲ್ಲ: ಏಪ್ರಿಲ್ ಕೊನೆಯ ವಾರದಲ್ಲಿ ಬೆಂಗಳೂರಿನಲ್ಲಿ ಸುಮಾರು 12:17ಕ್ಕೆ, ಅಲ್ಲಿಂದ ಸುಮಾರು 2.7 ಡಿಗ್ರಿ ಪಶ್ಚಿಮಕ್ಕಿರುವ ಮಂಗಳೂರಿನಲ್ಲಿ ಇನ್ನೂ ಹತ್ತು ಹನ್ನೊಂದು ನಿಮಿಷ ತಡವಾಗಿ ಆಗುತ್ತದೆ. ಭೂಮಿ ಒಂದು ಡಿಗ್ರಿ ತಿರುಗಲು ನಾಲ್ಕು ನಿಮಿಷ ಬೇಕು ಎಂಬುದು ಈ ಅಂತರದಲ್ಲೇ ಕಾಣುತ್ತದೆ.

ವಾರಕ್ಕೊಮ್ಮೆ ನಡುಹಗಲಿನ ನೆರಳನ್ನು ಅಳೆದು ಬರೆಯಿರಿ. ಬೆಂಗಳೂರಿನ ಅಕ್ಷಾಂಶದಲ್ಲಿ ಒಂದು ಮೀಟರ್ ಸರಳಿನ ನೆರಳು ಡಿಸೆಂಬರ್ 21ರ ಸುಮಾರಿಗೆ ಉತ್ತರಕ್ಕೆ 74 ಸೆಂಟಿಮೀಟರ್ ಚಾಚಿರುತ್ತದೆ, ಮಾರ್ಚ್ 20ರ ಹೊತ್ತಿಗೆ 23ಕ್ಕೆ ಇಳಿಯುತ್ತದೆ, ಏಪ್ರಿಲ್ 24ರ ಸುಮಾರಿಗೆ ಇಲ್ಲವಾಗುತ್ತದೆ. ಅಲ್ಲಿಂದ ಮುಂದೆ ನೆರಳು ದಕ್ಷಿಣಕ್ಕೆ ಬೀಳತೊಡಗಿ ಜೂನ್ 21ಕ್ಕೆ 18 ಸೆಂಟಿಮೀಟರ್ ಮುಟ್ಟುತ್ತದೆ. ಆಗಸ್ಟ್ 18ರ ಸುಮಾರಿಗೆ ಮತ್ತೆ ಸೊನ್ನೆ. ಬೀದರಿನವರಿಗೆ ಮೊದಲ ಶೂನ್ಯ ನೆರಳು ಮೇ ಎರಡನೆಯ ವಾರದಲ್ಲಿ ಸಿಗುತ್ತದೆ. ಈ ಏರಿಳಿತಕ್ಕೆಲ್ಲ ಭೂಮಿಯ ಅಕ್ಷದ 23.4 ಡಿಗ್ರಿ ಓರೆಯೇ ಕಾರಣ. ಸೂರ್ಯ ಹತ್ತಿರವಾದಾಗ ಬೇಸಗೆ ಎಂದು ನಂಬಿರುವವರು ಇನ್ನೂ ಇದ್ದಾರೆ. ಭೂಮಿ ಸೂರ್ಯನಿಗೆ ಅತಿ ಸಮೀಪವಿರುವುದು ಜನವರಿಯ ಮೊದಲ ವಾರದಲ್ಲಿ, ಅಂದರೆ ನಮ್ಮ ಚಳಿಗಾಲದಲ್ಲಿ.

ನಿಮ್ಮ ನೆರಳಿನ ಪುಟ ಮತ್ತೊಂದು ವಿಷಯವನ್ನೂ ತೋರಿಸುತ್ತದೆ. ನೆರಳು ಕುಗ್ಗಲು ಶುರುವಾಗುವುದು ಡಿಸೆಂಬರ್ 22ರ ಹೊತ್ತಿಗೆ. ಮಕರ ಸಂಕ್ರಾಂತಿಯ ದಿನ ಅಳೆದರೆ ಅದು ಆಗಲೇ ಐದು ಸೆಂಟಿಮೀಟರಿಗಿಂತ ತುಸು ಹೆಚ್ಚೇ ಕುಗ್ಗಿರುತ್ತದೆ. ಭೂಮಿಯ ಅಕ್ಷ ಬುಗುರಿಯಂತೆ ನಿಧಾನವಾಗಿ ಓಲಾಡುವುದರಿಂದ, ನಕ್ಷತ್ರಗಳನ್ನು ಆಧರಿಸಿದ ಸಂಕ್ರಾಂತಿ ಸುಮಾರು 72 ವರ್ಷಕ್ಕೆ ಒಂದು ದಿನದಂತೆ ತಡವಾಗುತ್ತ ಬಂದಿದೆ. ಸುಮಾರು 1,700 ವರ್ಷಗಳ ಹಿಂದೆ ಸಂಕ್ರಾಂತಿಯೂ ಉತ್ತರಾಯಣದ ಆರಂಭವೂ ಒಂದೇ ದಿನ ಬರುತ್ತಿದ್ದವು.

ಮಳೆ ನಕ್ಷತ್ರಗಳನ್ನೂ ಈ ಪುಟದಲ್ಲೇ ಬರೆಯಬೇಕು. ಭರಣಿ ಮಳೆ, ರೋಹಿಣಿ ಮಳೆ, ಆರಿದ್ರ ಮಳೆ ಎಂದು ರೈತರು ಹೇಳುವಾಗ ಆ ನಕ್ಷತ್ರದಲ್ಲಿರುವುದು ಸೂರ್ಯ; ಕ್ಯಾಲೆಂಡರಿನಲ್ಲಿ ದಿನಕ್ಕೊಂದರಂತೆ ಬದಲಾಗುವುದು ಚಂದ್ರನ ನಕ್ಷತ್ರ. ಎರಡಕ್ಕೂ ಅವೇ 27 ಹೆಸರುಗಳಿರುವುದರಿಂದ ಇಂದಿನ ಹುಡುಗರು ಇವನ್ನು ಬೆರೆಸಿಬಿಡುತ್ತಾರೆ. ಸೂರ್ಯ ಒಂದೊಂದರಲ್ಲಿ ಹದಿಮೂರು ಹದಿನಾಲ್ಕು ದಿನ ಇರುತ್ತಾನೆ, ಆದ್ದರಿಂದ ಆರಿದ್ರ ಪ್ರತಿ ವರ್ಷವೂ ಜೂನ್ 22ರ ಆಸುಪಾಸಿನಲ್ಲೇ ಹುಟ್ಟುತ್ತದೆ. ಬಿತ್ತನೆಯ ಲೆಕ್ಕಕ್ಕೆ ಈ ಸ್ಥಿರತೆಯೇ ಬೇಕಾದದ್ದು.

ಎರಡನೆಯ ಪುಟ ಚಂದ್ರನದು. ಸೂರ್ಯನಿಂದ ಚಂದ್ರ 12 ಡಿಗ್ರಿ ಮುಂದೆ ಸಾಗಿದರೆ ಒಂದು ತಿಥಿ; ಮೂವತ್ತು ತಿಥಿಗಳ ಸುತ್ತು 29.53 ದಿನದಲ್ಲಿ ಮುಗಿಯುತ್ತದೆ. ಶುಕ್ಲ ಅಷ್ಟಮಿಯ ಚಂದ್ರ ಸೂರ್ಯಾಸ್ತದ ಹೊತ್ತಿಗೆ ನಡುನೆತ್ತಿಯ ಸಮೀಪ ಇರುತ್ತಾನೆ, ಹುಣ್ಣಿಮೆಯವನು ಆಗಲೇ ಮೂಡುತ್ತಾನೆ, ಕೃಷ್ಣ ಅಷ್ಟಮಿಯವನು ನಡುರಾತ್ರಿಯ ಸುಮಾರಿಗೆ ಮೂಡುತ್ತಾನೆ. ದಿನದಿಂದ ದಿನಕ್ಕೆ ಚಂದ್ರೋದಯ ಸರಾಸರಿ 50 ನಿಮಿಷ ತಡವಾಗುತ್ತದೆ.

ಕರಾವಳಿಯವರಿಗೆ ಈ 50 ನಿಮಿಷವೇ ಮುಖ್ಯ. ನಮ್ಮ ತೀರದಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಒಂದು ಉಬ್ಬರದಿಂದ ಇನ್ನೊಂದಕ್ಕೆ ಸರಾಸರಿ 12 ಗಂಟೆ 25 ನಿಮಿಷ, ಮತ್ತು ಎರಡರ ಎತ್ತರವೂ ಒಂದೇ ಆಗಿರುವುದಿಲ್ಲ. ಕಡಲಿನ ಆಳ ಹಾಗೂ ದಂಡೆಯ ಆಕಾರ ನೀರಿನ ಓಟವನ್ನು ತಡೆಯುವುದರಿಂದ ಚಂದ್ರ ನೆತ್ತಿಗೆ ಬಂದ ಕ್ಷಣಕ್ಕೇ ನೀರು ತುಂಬುತ್ತದೆ ಎಂದು ಎಣಿಸಬಾರದು. ಬದಲಿಗೆ ಒಂದು ಅಮಾವಾಸ್ಯೆಯ ದಿನ ನಿಮ್ಮ ದಕ್ಕೆಯಲ್ಲಿ ನೀರು ಯಾವಾಗ ತುಂಬಿತೆಂದು ನೋಡಿ ಬರೆದಿಟ್ಟು, ದಿನಕ್ಕೆ 50 ನಿಮಿಷ ಕೂಡಿಸುತ್ತ ಹೋಗಿ. ಅಷ್ಟಮಿಯ ಹೊತ್ತಿಗೆ ಆರು ಗಂಟೆ ಜರುಗಿ, ಹುಣ್ಣಿಮೆಗೆ ಮತ್ತೆ ಹೆಚ್ಚುಕಡಿಮೆ ಅದೇ ವೇಳೆಗೆ ಉಬ್ಬರ ಬರುತ್ತದೆ. ನಡುವಿನ ದಿನಗಳಲ್ಲಿ ಒಂದು ಗಂಟೆಯವರೆಗೂ ವ್ಯತ್ಯಾಸ ಬರಬಹುದು. ದೋಣಿ ಇಳಿಸುವವರು ಬಂದರಿನ ಉಬ್ಬರ ಪಟ್ಟಿಯನ್ನೇ ನಂಬಬೇಕು.

ಉಬ್ಬರದ ಎತ್ತರಕ್ಕೂ ತಿಥಿಯೇ ಆಧಾರ. ಉಬ್ಬರ ಎಬ್ಬಿಸುವಲ್ಲಿ ಸೂರ್ಯನ ಪಾಲು ಚಂದ್ರನದರ ಅರ್ಧಕ್ಕಿಂತ ಸ್ವಲ್ಪ ಕಡಿಮೆ. ಅಮಾವಾಸ್ಯೆ ಹುಣ್ಣಿಮೆಗಳಲ್ಲಿ ಎರಡೂ ಕೂಡಿಕೊಳ್ಳುವುದರಿಂದ, ಅವು ಕಳೆದ ಒಂದೆರಡು ದಿನಕ್ಕೆ ನೀರು ಅತಿ ಮೇಲೇರಿ ಅತಿ ಕೆಳಗಿಳಿಯುತ್ತದೆ, ಅಷ್ಟಮಿಯ ನಂತರ ಏರಿಳಿತ ಕಿರಿದಾಗುತ್ತದೆ. ಕುಮಟಾ ತಾಲ್ಲೂಕಿನ ಅಘನಾಶಿನಿ ಅಳಿವೆಯಲ್ಲಿ ಬಳಚು ಎಂಬ ಕಪ್ಪೆಚಿಪ್ಪು ಹೆಕ್ಕುವವರು ಇಳಿತವನ್ನು ಕಾದು ನೀರಿಗಿಳಿಯುತ್ತಾರೆ. ಉಪ್ಪುನೀರನ್ನು ತಾಳುವ ಕಗ್ಗ ಭತ್ತದ ಗಜನಿ ಗದ್ದೆಗಳೂ ಸಾಣಿಕಟ್ಟೆಯ ಉಪ್ಪಿನ ಆಗರಗಳೂ ಇದೇ ಉಬ್ಬರವನ್ನು ನೆಚ್ಚಿಕೊಂಡಿವೆ.

ವರ್ಷ ತುಂಬಿದಾಗ ಎರಡೂ ಪುಟಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಚಂದ್ರನ ಹನ್ನೆರಡು ತಿಂಗಳು 354 ದಿನಕ್ಕೆ ಮುಗಿದಿರುತ್ತವೆ, ನೆರಳು ಮಾತ್ರ ಹಳೆಯ ಗುರುತಿಗೆ ಮರಳಲು ಇನ್ನೂ ಹನ್ನೊಂದು ದಿನ ಬಾಕಿ ಇರುತ್ತದೆ. ಈ ಕೊರತೆ ಕೂಡಿಕೂಡಿ ಎರಡೂವರೆ ವರ್ಷ ದಾಟುವಷ್ಟರಲ್ಲಿ ಒಂದು ತಿಂಗಳಾಗುತ್ತದೆ. 2023ರಲ್ಲಿ ಅಧಿಕ ಶ್ರಾವಣ ಬಂದದ್ದೂ 2026ರಲ್ಲಿ ಅಧಿಕ ಜ್ಯೇಷ್ಠ ಬರುವುದೂ ಈ ಲೆಕ್ಕದಿಂದಲೇ.